ಬೇಲಿಯ ಈಚೆ ನಿಂತವರ ಲೆನ್ಸು

"ರೇಸ್ ಫೋಟೋ ತೆಗೀಬೇಕು ಸಾರ್, ಯಾವ ಲೆನ್ಸ್ ತಗೊಳ್ಳಲಿ?" ಎಂದು ಕೇಳುವವರು ಸಾಮಾನ್ಯವಾಗಿ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಕಾರು ಜೋರಾಗಿ ಓಡುತ್ತದೆ, ಹಾಗಾಗಿ ಬೆಳಕನ್ನು ಹೆಚ್ಚು ಒಳಬಿಡುವ ಎಫ್/2.8 ಬೇಕು (ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಜಾಸ್ತಿ). ಕಾರು ದೂರದಲ್ಲಿರುತ್ತದೆ, ಹಾಗಾಗಿ ಅದನ್ನು ಹತ್ತಿರ ತರುವ 400 ಎಂಎಂ ಬೇಕು. ಇವೆರಡನ್ನೂ ಕೂಡಿಸಿದರೆ ಸಿಗುವ ಲೆನ್ಸಿಗೆ ಹೊಸ ಕಾರೊಂದರ ಬೆಲೆ. ಆ ಬೆಲೆ ನೋಡಿ ಗಾಬರಿಯಾದ ಮೇಲೆಯೇ ಫೋನ್ ಮಾಡಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಎಲ್ಲಿ ನಿಂತ್ಕೋತೀರಿ?"

ಇದಕ್ಕೆ ಬಹಳ ಜನರ ಹತ್ತಿರ ಉತ್ತರವಿರುವುದಿಲ್ಲ. ಅದು ಗೊತ್ತಿಲ್ಲದೆ ಲೆನ್ಸ್ ಕೊಳ್ಳುವುದು ಅಳತೆ ಕೊಡದೆ ರವಿಕೆ ಹೊಲಿಸಿದ ಹಾಗೆ. ಕುತ್ತಿಗೆಗೆ ಪಾಸು ನೇತುಹಾಕಿಕೊಂಡು, ಮೈಮೇಲೆ ಮಾಧ್ಯಮದವರ ಜಾಕೆಟ್ ತೊಟ್ಟು ಟ್ರ್ಯಾಕಿನ ಪಕ್ಕದ ತಡೆಗೋಡೆಯ ತನಕ ಹೋಗುವವನಿಗೆ ಬೇಕಾದ ಲೆನ್ಸ್ ಬೇರೆ, ಟಿಕೆಟ್ ಕೊಂಡು ಕಟ್ಟೆಯ ಮೇಲೆ ಕೂರುವವನಿಗೆ ಬೇಕಾದದ್ದು ಬೇರೆ. ನಾನು ಎರಡನೆಯ ಜಾತಿಯವನು, ಈ ಬರಹವೂ ಆ ಜಾತಿಯವರಿಗೇ.

ಬೆಂಗಳೂರಿನಿಂದ ದೊಡ್ಡ ಟಾರು ಟ್ರ್ಯಾಕಿನ ರೇಸ್ ನೋಡಲು ಹೊರಟವರು ತಮಿಳುನಾಡಿನ ಕಡೆಗೇ ಗಾಡಿ ತಿರುಗಿಸಬೇಕು. ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರು ದಾಟಿದರೆ ಇರುಂಗಾಟ್ಟುಕೋಟೈ. ಕಾರ್ಖಾನೆಗಳ ನಡುವೆ, 1990ರಲ್ಲಿ ಶುರುವಾದ, ಸುಮಾರು 3.7 ಕಿಲೋಮೀಟರ್ ಉದ್ದದ ಟ್ರ್ಯಾಕು. ಕಟ್ಟಿಸಿದ್ದು 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್. ಅದಕ್ಕೂ ಮುಂಚೆ ರೇಸುಗಳು ನಡೆಯುತ್ತಿದ್ದದ್ದು ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ. ಇನ್ನೊಂದು ದಿಕ್ಕಿಗೆ ಹೋದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ನಮ್ಮ ದೇಶದಲ್ಲಿ ಸಣ್ಣ ಖರ್ಚಿನ ರೇಸ್ ಕಾರುಗಳನ್ನು ಕಟ್ಟಿ ಎಷ್ಟೋ ಹುಡುಗರನ್ನು ಟ್ರ್ಯಾಕಿಗಿಳಿಸಿದ ಎಸ್. ಕರಿವರ್ಧನ್ ಅವರ ಹೆಸರಿನದು. ಉದ್ದ ಬರೀ 2.1 ಕಿಲೋಮೀಟರ್. ದೆಹಲಿಯ ಪಕ್ಕದ ಬುದ್ಧ ಸರ್ಕೀಟ್ 5.125 ಕಿಲೋಮೀಟರ್, 2011ರಿಂದ 2013ರ ತನಕ ಮೂರು ವರ್ಷ ಫಾರ್ಮುಲಾ ಒನ್ ನಡೆದ ಜಾಗ. ಉದ್ದಗಳನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ಟ್ರ್ಯಾಕ್ ದೊಡ್ಡದಾದಷ್ಟೂ ಕಾರುಗಳ ವೇಗ ಜಾಸ್ತಿ, ವೇಗ ಜಾಸ್ತಿಯಾದಷ್ಟೂ ತಿರುವಿನಾಚೆ ಬಿಡುವ ಖಾಲಿ ಜಾಗ ಅಗಲ, ಅದು ಅಗಲವಾದಷ್ಟೂ ನಮ್ಮ ಬೇಲಿ ಹಿಂದಕ್ಕೆ. ಲೆನ್ಸಿನ ಉದ್ದ ನಿರ್ಧಾರವಾಗುವುದು ಅಲ್ಲಿಂದ.

ಲೆಕ್ಕ ಸುಲಭ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಅಗಲವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ದೂರದಿಂದ ಗುಣಿಸಿ. ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಅಗಲ. 400 ಎಂಎಂ ಲೆನ್ಸಿನಲ್ಲಿ 100 ಮೀಟರ್ ದೂರ ನೋಡಿದರೆ ಚೌಕಟ್ಟಿನೊಳಗೆ ಅಡ್ಡಕ್ಕೆ 9 ಮೀಟರ್ ಹಿಡಿಯುತ್ತದೆ. ನಾಲ್ಕು ಮೀಟರಿನ ಕಾರು ಅದರಲ್ಲಿ ಅರ್ಧದಷ್ಟು ತುಂಬುತ್ತದೆ, ಮುಂದೆ ಓಡಲು ಒಂದಿಷ್ಟು ಜಾಗವೂ ಉಳಿಯುತ್ತದೆ. ಬೈಕಾದರೆ ಉದ್ದ ಎರಡು ಮೀಟರ್, ಕಾಲು ಭಾಗವೂ ತುಂಬುವುದಿಲ್ಲ. ಅದೇ ದೂರಕ್ಕೆ ಕ್ರಾಪ್ ಸೆನ್ಸರಿನ, ಅಂದರೆ ಸಣ್ಣ ಸೆನ್ಸರಿನ, ಕ್ಯಾಮೆರಾದಲ್ಲಿ 300 ಎಂಎಂ ಹಾಕಿದರೆ 8 ಮೀಟರಿಗೂ ಕಡಿಮೆ ಹಿಡಿಯುತ್ತದೆ, ಅಂದರೆ ಇನ್ನೂ ಹತ್ತಿರ ಬಂದಂತೆ. ರೇಸ್ ಪ್ರೇಕ್ಷಕನಿಗೆ ಕ್ರಾಪ್ ಸೆನ್ಸರ್ ಕೀಳಲ್ಲ, ಲಾಭ. ಬೇಲಿ 50 ಮೀಟರಿಗೇ ಇದ್ದರೆ ಸಾಧಾರಣ 70-300 ಎಂಎಂ ಜೂಮ್ ಸಾಕೋ ಸಾಕು. ಹೋಗಬೇಕಾದ ಟ್ರ್ಯಾಕಿನ ಉಪಗ್ರಹ ನಕ್ಷೆಯನ್ನು ಫೋನಿನಲ್ಲಿ ತೆರೆದು, ಕಟ್ಟೆಯಿಂದ ಟಾರಿನ ತನಕ ಅಳೆದು ನೋಡಿ. ಖರ್ಚಿಲ್ಲದ ಕೆಲಸ, ಆದರೂ ಲೆನ್ಸ್ ಕೊಳ್ಳುವ ಮೊದಲು ಇದನ್ನು ಮಾಡಿದವರನ್ನು ನಾನು ಕಂಡದ್ದು ಕಡಿಮೆ.

ಬೇಲಿ ಮೊದಲಿನಿಂದ ಇದ್ದದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಾಕ್ ಆಂರಿ ಲಾರ್ತಿಗ್ ಎಂಬ ಹುಡುಗ ರಸ್ತೆಯ ಅಂಚಿನಲ್ಲಿ ನಿಂತು, ಗಾಜಿನ ಪ್ಲೇಟಿನ ಕ್ಯಾಮೆರಾದಲ್ಲಿ ರೇಸ್ ಕಾರೊಂದರ ಫೋಟೋ ತೆಗೆದ. ಕಾರು ಅರ್ಧ ಚೌಕಟ್ಟಿನ ಹೊರಗೆ ಹೋಗಿದೆ, ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ, ಆಚೆ ನಿಂತ ಜನ ಮತ್ತು ಕಂಬ ಹಿಂದಕ್ಕೆ ವಾಲಿದ್ದಾರೆ. ಬೆಳಕನ್ನು ಕ್ಷಣಕಾಲ ಒಳಬಿಟ್ಟು ಮುಚ್ಚುವ ಷಟರ್ ಆ ಕಾಲದಲ್ಲಿ ಒಂದು ಸೀಳು. ಅದು ಪ್ಲೇಟಿನ ಮೇಲೆ ಮೆಲ್ಲಗೆ ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು, ಕ್ಯಾಮೆರಾ ಕಾರನ್ನು ಹಿಂಬಾಲಿಸಿ ತಿರುಗುತ್ತಿದ್ದರಿಂದ ಜನ ಉಲ್ಟಾ ವಾಲಿದರು. ಆ ಹುಡುಗನಿಗೆ ಸುಮಾರು ಎಪ್ಪತ್ತು ವರ್ಷವಾಗುವ ಹೊತ್ತಿಗೆ, 1963ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ ಚಿತ್ರಗಳ ಪ್ರದರ್ಶನ ಮಾಡಿತು. ಇವತ್ತಿಗೂ ವೇಗದ ಚಿತ್ರವೆಂದರೆ ಮೊದಲು ನೆನಪಾಗುವುದು ಅದೇ. ಟೆಲಿ ಲೆನ್ಸಿಲ್ಲ, ಅದರ ಅಗತ್ಯವೂ ಇರಲಿಲ್ಲ. ಅವನಿಗೂ ಕಾರಿಗೂ ನಡುವೆ ಏನೂ ಇರಲಿಲ್ಲವಲ್ಲ. (ಇವತ್ತಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಹಾಕಿ ಚಕ್ರ ತೆಗೆದರೆ ಅದೇ ಮೊಟ್ಟೆಯಾಕಾರ ಮತ್ತೆ ಬರುತ್ತದೆ. ಸೆನ್ಸರನ್ನು ವೇಗವಾಗಿ ಓದುವ ದುಬಾರಿ ಕ್ಯಾಮೆರಾಗಳಲ್ಲಿ ಕಾಣುವುದಿಲ್ಲ. ನಮ್ಮಂಥವರು ಟ್ರ್ಯಾಕಿನಲ್ಲಿ ಮೆಕ್ಯಾನಿಕಲ್ ಷಟರನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.)

ಆ ಬರಿಗೈ ಸಾಮೀಪ್ಯಕ್ಕೆ ದೊಡ್ಡ ಬೆಲೆ ತೆತ್ತದ್ದು 1955ರ ಜೂನ್‌ನಲ್ಲಿ, ಫ್ರಾನ್ಸಿನ ಲ ಮಾನ್ಸ್ ರೇಸಿನಲ್ಲಿ. ಪಿಯರ್ ಲವೆಗ್ ಓಡಿಸುತ್ತಿದ್ದ ಮರ್ಸಿಡಿಸ್ ಸಿಡಿದು ಅದರ ತುಂಡುಗಳು ಜನರ ಮೇಲೆ ನುಗ್ಗಿದವು. 80ಕ್ಕೂ ಹೆಚ್ಚು ಜನ ಸತ್ತರು. ಸ್ವಿಟ್ಜರ್ಲೆಂಡ್ ಟ್ರ್ಯಾಕ್ ರೇಸನ್ನೇ ನಿಷೇಧಿಸಿತು. ಉಳಿದ ಕಡೆಗಳಲ್ಲಿ ನಿಧಾನವಾಗಿ ಮಣ್ಣಿನ ದಿಬ್ಬ, ಕಬ್ಬಿಣದ ತಡೆ, ಎತ್ತರದ ಜಾಲರಿ ಬಂದವು. ನಾವು ಹೆಗಲಿಗೆ ಹಾಕಿಕೊಂಡು ತಿರುಗುವ ಎರಡು ಕಿಲೋದ ಲೆನ್ಸು ಆ ಬೇಲಿಗೆ ಸಂದಾಯವಾಗುವ ಬಾಡಿಗೆ, ಮತ್ತದು ನ್ಯಾಯವಾದ ಬಾಡಿಗೆ. ಜಾಲರಿಯನ್ನು ಬೈದುಕೊಳ್ಳುವ ಗೆಳೆಯರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ.

ಇನ್ನು ವೇಗದ ವಿಷಯ. ಇಲ್ಲಿಯೇ ಎಫ್/2.8ರ ಭ್ರಮೆ ಹುಟ್ಟುವುದು. ಗಂಟೆಗೆ 200 ಕಿಲೋಮೀಟರಿನಲ್ಲಿ ಓಡುವ ಕಾರು ಸೆಕೆಂಡಿಗೆ 55 ಮೀಟರಿಗೂ ಹೆಚ್ಚು ಸಾಗುತ್ತದೆ. ಅದರ ಚಕ್ರದ ವ್ಯಾಸ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 30 ಸುತ್ತು. ಷಟರನ್ನು 1/1000 ಸೆಕೆಂಡಿಗೆ ಇಟ್ಟರೆ ಆ ಅವಧಿಯಲ್ಲಿ ಚಕ್ರ ತಿರುಗುವುದು ಬರೀ 10 ಡಿಗ್ರಿ. ಫೋಟೋದಲ್ಲಿ ಕಡ್ಡಿಗಳೆಲ್ಲ ಎಣಿಸುವಷ್ಟು ಸ್ಪಷ್ಟ, ಟೈರಿನ ಮೇಲಿನ ಅಕ್ಷರಗಳೂ ಸ್ಪಷ್ಟ, ಕಾರು ಪಾರ್ಕಿಂಗಿನಲ್ಲಿ ನಿಂತಂತೆ. 1/125ಕ್ಕೆ ಇಳಿಸಿ, ಕಾರನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುತ್ತಾ (ಇದೇ ಪ್ಯಾನಿಂಗ್) ತೆಗೆದರೆ ಚಕ್ರ ಹತ್ತಿರಹತ್ತಿರ ಕಾಲು ಸುತ್ತು ತಿರುಗುತ್ತದೆ, ಕಡ್ಡಿಗಳು ಕರಗಿ ಒಂದು ತಟ್ಟೆಯಾಗುತ್ತವೆ. ಕಾರಿಗೆ ಜೀವ ಬರುವುದು ಆಗ. ಅದೇ ಕಾರು ತಿರುವಿನಲ್ಲಿ 90 ಕಿಲೋಮೀಟರಿಗೆ ಬಂದಿದ್ದರೆ, ಚಕ್ರ ಅಷ್ಟೇ ತಿರುಗಲು ಷಟರ್ 1/60ಕ್ಕೆ ಹೋಗಬೇಕು. ಕಾರು ನಿಧಾನವಾದಷ್ಟೂ ಷಟರನ್ನೂ ನಿಧಾನ ಮಾಡಬೇಕು, ಕೈಗೆ ಕಷ್ಟ ಜಾಸ್ತಿ. ಆಟಗಳಲ್ಲೆಲ್ಲ ಅತಿ ವೇಗದ ಆಟವನ್ನು ನಾವು ಅತಿ ನಿಧಾನದ ಷಟರಿನಲ್ಲಿ ತೆಗೆಯುತ್ತೇವೆ.

ಕಂಬಳದ ಫೋಟೋ ತೆಗೆಯುವವರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಕೆಸರುಗದ್ದೆಯ ನೀರು ಹನಿಹನಿಯಾಗಿ ಗಾಳಿಯಲ್ಲಿ ನಿಲ್ಲಬೇಕು, ಕೋಣದ ಮೂಗಿನ ಹೊಳ್ಳೆ ಕಾಣಬೇಕು, ಅದಕ್ಕೆ 1/2000 ಬೇಕು. ಅಲ್ಲಿ ವೇಗವನ್ನು ನೀರು ಹೇಳುತ್ತದೆ. ಟಾರಿನ ಮೇಲೆ ಅದನ್ನು ಹೇಳಲು ಚಕ್ರ ಬಿಟ್ಟರೆ ಇನ್ನೇನೂ ಇಲ್ಲ. ಹಕ್ಕಿಯವರದ್ದೂ ಇದೇ ಕಥೆ. ನಮ್ಮ ಕಡೆ ದೊಡ್ಡ ಲೆನ್ಸ್ ಕೊಂಡವರಲ್ಲಿ ಬಹುಪಾಲು ಜನ ರಂಗನತಿಟ್ಟು, ಕಬಿನಿಯಿಂದ ಶುರು ಮಾಡಿದವರು. ಅವರ 150-600 ಟ್ರ್ಯಾಕಿಗೂ ಚೆನ್ನಾಗಿಯೇ ಆಗುತ್ತದೆ, ಬೇರೆ ಕೊಳ್ಳಬೇಕಾಗಿಲ್ಲ. ಕೈ ಮಾತ್ರ ಹಕ್ಕಿಯ ಅಭ್ಯಾಸದಲ್ಲೇ 1/2500ಕ್ಕೆ ತಿರುಗಿಬಿಡುತ್ತದೆ.

ಈಗ ಬಿಸಿಲನ್ನು ಸೇರಿಸಿ. ಶ್ರೀಪೆರಂಬುದೂರಿನ ಹಗಲು ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಷಟರ್ 1/125 ಇಟ್ಟರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ತೂತು) ಎಫ್/16ರ ಹತ್ತಿರ ಹೋಗಿ ನಿಲ್ಲುತ್ತದೆ. ಎಫ್/2.8ರಿಂದ ಎಫ್/16ಕ್ಕೆ ಐದು ಸ್ಟಾಪ್, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ, ಅಂದರೆ ಬೆಳಕು 32ರಲ್ಲಿ ಒಂದು ಪಾಲು. ಲಕ್ಷಗಟ್ಟಲೆ ಕೊಟ್ಟು ಕೊಂಡ ಬೆಳಕಿನಲ್ಲಿ 31 ಪಾಲನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತೇವೆ. ಪಕ್ಕದಲ್ಲಿ ನಿಂತವನ ಎಫ್/5.6 ಲೆನ್ಸೂ ಎಫ್/16ರಲ್ಲೇ ಇರುತ್ತದೆ. ಇಬ್ಬರ ಫೋಟೋಗೂ ವ್ಯತ್ಯಾಸ ಹುಡುಕುವುದು ಕಷ್ಟ. ಇಬ್ಬರ ಸೆನ್ಸರಿನ ಮೇಲಿನ ಧೂಳಿನ ಚುಕ್ಕೆಗಳೂ ಆಕಾಶದಲ್ಲಿ ಒಂದೇ ಥರ ಕಾಣುತ್ತವೆ, ಎಫ್/16 ಯಾರನ್ನೂ ಬಿಡುವುದಿಲ್ಲ.

ಹಾಗಾದರೆ ಅಗಲ ಬಾಯಿಯ ಲೆನ್ಸಿಗೆ ಕೆಲಸವೇ ಇಲ್ಲವೇ? ಇದೆ, ಬೇಲಿಯ ಹತ್ತಿರ. ಜಾಲರಿಗೆ ಲೆನ್ಸನ್ನು ಒತ್ತಿ ಹಿಡಿದು ತೆಗೆದರೆ ತಂತಿ ಮಾಯವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಮಾಯವಾಗುತ್ತದೆ ಎಂಬುದು ಅಪರ್ಚರ್ ತೂತಿನ ನಿಜವಾದ ಅಗಲದ ಮೇಲೆ ನಿಂತಿದೆ. ಲೆನ್ಸಿನ ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ಅಗಲ ಸಿಗುತ್ತದೆ. 400 ಎಂಎಂ, ಎಫ್/5.6 ಅಂದರೆ 71 ಮಿಲಿಮೀಟರ್. ಜಾಲರಿಯ ಕಣ್ಣು 50 ಮಿಲಿಮೀಟರ್ ಎಂದುಕೊಳ್ಳಿ, ತೂತು ಅದಕ್ಕಿಂತ ದೊಡ್ಡದು. ಒಂದು ತಂತಿ ಅಡ್ಡ ಬಂದರೂ ಸುತ್ತಲಿನಿಂದ ಸಾಕಷ್ಟು ಬೆಳಕು ಬಂದು ಅದನ್ನು ಕರಗಿಸುತ್ತದೆ. ಅದೇ ಲೆನ್ಸನ್ನು ಎಫ್/16ಕ್ಕೆ ಮುಚ್ಚಿದರೆ ತೂತು 25 ಮಿಲಿಮೀಟರ್, ಆಗ ತಂತಿ ಬೂದು ಪಟ್ಟೆಯಾಗಿ ಕಾರಿನ ಮೇಲೆ ಬಂದು ಕೂರುತ್ತದೆ. 200 ಎಂಎಂ, ಎಫ್/2.8 ಲೆನ್ಸಿನ ಲೆಕ್ಕ ಮಾಡಿ ನೋಡಿ, ಅದೂ 71 ಮಿಲಿಮೀಟರೇ. ಬೇಲಿಯ ಮಟ್ಟಿಗೆ ಅಗ್ಗದ 400 ಮತ್ತು ದುಬಾರಿ 70-200 ಎರಡೂ ಸಮಾನ, ಮೊದಲನೆಯದರಲ್ಲಿ ಕಾರು ಎರಡು ಪಟ್ಟು ದೊಡ್ಡದಾಗಿ ಬರುತ್ತದೆ ಅಷ್ಟೆ.

ಚಕ್ರ ತಿರುಗಲು ಎಫ್/16 ಬೇಕು, ತಂತಿ ಕರಗಲು ಎಫ್/5.6 ಬೇಕು. ಈ ಜಗಳವನ್ನು ಬಿಡಿಸುವುದು ಕನ್ನಡಕದಂಥ ಕಪ್ಪು ಎನ್‌ಡಿ ಫಿಲ್ಟರ್. ಎಂಟನೇ ಒಂದು ಪಾಲು ಬೆಳಕು ಬಿಡುವುದನ್ನು ಹಾಕಿದರೆ ಸರಿಯಾಗಿ ಎಫ್/16ರಿಂದ ಎಫ್/5.6ಕ್ಕೆ ಬರುತ್ತೀರಿ, ಷಟರ್ ಅಲ್ಲೇ ಉಳಿಯುತ್ತದೆ. ಲೆನ್ಸ್ ಆರಿಸುವಾಗ ಮುಂಬದಿಯ ಫಿಲ್ಟರ್ ಅಳತೆ ನೋಡಿ ಎನ್ನುವುದು ಇದಕ್ಕೇ. ನಿಕಾನ್ 200-500, ಸೋನಿ 200-600, ಸಿಗ್ಮಾದ ಹಗುರ 150-600 ಮೂರಕ್ಕೂ 95 ಎಂಎಂ ಫಿಲ್ಟರ್ ಬೇಕು. ಆ ಅಳತೆಯ ಒಳ್ಳೆಯ ಫಿಲ್ಟರ್ ದುಬಾರಿ, ಅಂಗಡಿಗೆ ಹೋದೊಡನೆ ಸಿಗುವಂಥದ್ದೂ ಅಲ್ಲ. ಕ್ಯಾನನ್ 100-400ಕ್ಕೆ 77 ಎಂಎಂ ಸಾಕು, ಅದು ಎಲ್ಲ ಕಡೆ ಸಿಗುತ್ತದೆ. ನನ್ನ ಹತ್ತಿರ ಇರುವುದು ಇದರ ಹಳೆಯ ಮಾದರಿ, 1998ರದ್ದು, ಸೆಕೆಂಡ್ ಹ್ಯಾಂಡ್. ಅದರ ಜೂಮ್ ತಿರುಗಿಸುವುದಲ್ಲ, ಸೈಕಲ್ ಪಂಪಿನ ಥರ ಎಳೆದು ತಳ್ಳುವುದು. ಒಳಗೆ ಧೂಳು ಎಳೆದುಕೊಳ್ಳುತ್ತದೆಂದು ಅದಕ್ಕೆ ಕೆಟ್ಟ ಹೆಸರಿದೆ. ಆದರೆ ತಿರುವಿನಿಂದ ಹೊರಬಿದ್ದ ಕಾರು ಮೈಮೇಲೆ ಬರುವ ಹಾಗೆ ದೊಡ್ಡದಾಗುತ್ತಿರುವಾಗ ಎಡಗೈಯನ್ನು ಹಿಂದಕ್ಕೆಳೆದರೆ ಮುಗಿಯಿತು, ಮಣಿಕಟ್ಟು ತಿರುಚಬೇಕಾಗಿಲ್ಲ. 2014ರ ಎರಡನೇ ಮಾದರಿ ಎಲ್ಲ ರೀತಿಯಲ್ಲೂ ಮೇಲು, ಆದರೆ ಅದರಲ್ಲಿ ತಿರುಗಿಸುವ ಜೂಮ್. ನಿಕಾನ್ 200-500ರಲ್ಲಿ ಪೂರ್ತಿ ಜೂಮ್ ಮಾಡಲು ರಿಂಗನ್ನು ಬಹಳ ದೂರ ತಿರುಗಿಸಬೇಕು, ಮಧ್ಯದಲ್ಲಿ ಕೈ ಬದಲಿಸುವ ಹೊತ್ತಿಗೆ ಕಾರು ಹೋಗಿರುತ್ತದೆ. ಚಿತ್ರದ ಗುಣಮಟ್ಟದಲ್ಲಿ ಅದಕ್ಕೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಸೋನಿ 200-600 ಜೂಮ್ ಮಾಡಿದರೂ ಉದ್ದವಾಗುವುದಿಲ್ಲ, ತೂಕ ಮುಂದಕ್ಕೆ ಜಾರುವುದಿಲ್ಲ, ರಿಂಗನ್ನು ಸ್ವಲ್ಪ ತಿರುಗಿಸಿದರೆ ಸಾಕು. ಇವತ್ತು ಹೊಸದಾಗಿ ಕೊಳ್ಳುವ ಶಕ್ತಿ ಇದ್ದಿದ್ದರೆ ಈ ಒಂದು ಕಾರಣಕ್ಕೆ ನಾನು ಕಂಪನಿ ಬದಲಿಸುತ್ತಿದ್ದೆನೇನೋ.

ತೂಕದ ಮಾತನ್ನು ಅಂಗಡಿಯಲ್ಲಿ ಯಾರೂ ಆಡುವುದಿಲ್ಲ. ಎರಡು ಕಿಲೋ ಲೆನ್ಸನ್ನು ಒಂದು ಸಲ ಎತ್ತಿ ನೋಡುವುದು ಬೇರೆ, ಅಭ್ಯಾಸ ಸುತ್ತು, ಅರ್ಹತಾ ಸುತ್ತು, ಮೂರ್ನಾಲ್ಕು ರೇಸುಗಳಲ್ಲಿ ಪ್ರತಿ ಕಾರಿಗೂ ಸೊಂಟದಿಂದ ತಿರುಗುತ್ತಾ ಇಡೀ ದಿನ ಹಿಡಿಯುವುದು ಬೇರೆ. ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡು) ಇದ್ದರೆ ತೋಳು ಉಳಿಯುತ್ತದೆ. ಲೆನ್ಸಿನ ಕಂಪನ ತಡೆಯುವ ವ್ಯವಸ್ಥೆಯಲ್ಲಿ ಪ್ಯಾನಿಂಗಿಗೆಂದೇ ಇರುವ ಎರಡನೇ ಮೋಡ್ ಇದೆಯೇ ನೋಡಿಕೊಳ್ಳಿ. ಅದು ಮೇಲೆ ಕೆಳಗಿನ ಅಲುಗಾಟವನ್ನಷ್ಟೇ ಸರಿಪಡಿಸಿ, ನೀವು ಅಡ್ಡಕ್ಕೆ ತಿರುಗುವುದನ್ನು ಬಿಟ್ಟುಬಿಡುತ್ತದೆ. ಫೋಕಸ್ ಹತ್ತಿರಕ್ಕೆ ಹೋಗದಂತೆ ತಡೆಯುವ ಸ್ವಿಚ್ಚೂ ಬೇಕೇ ಬೇಕು, ಇಲ್ಲದಿದ್ದರೆ ಕ್ಯಾಮೆರಾ ಕಾರನ್ನು ಬಿಟ್ಟು ಜಾಲರಿಗೆ ಫೋಕಸ್ ಮಾಡಲು ಹೋಗುತ್ತದೆ.

ಉದ್ದದ ಲೆನ್ಸಿನ ಪರವಾಗಿ ಒಂದು ಮಾತು ಹೇಳಲೇಬೇಕು. ಹತ್ತಿರ ನಿಂತು ಅಗಲದ ಲೆನ್ಸಿನಲ್ಲಿ ಪ್ಯಾನ್ ಮಾಡಿದರೆ ಕಾರಿನ ಮೂತಿ ಸ್ಪಷ್ಟವಾಗಿ ಬಂದು ಬಾಲ ಕಲಸಿಹೋಗುತ್ತದೆ, ಯಾಕೆಂದರೆ ಎರಡೂ ನಮ್ಮ ಕಣ್ಣಿಗೆ ಬೇರೆ ಬೇರೆ ವೇಗದಲ್ಲಿ ಸರಿಯುತ್ತಿರುತ್ತವೆ. ದೂರದಿಂದ ತೆಗೆದರೆ ಆ ವ್ಯತ್ಯಾಸ ಸಣ್ಣದು, ಇಡೀ ಕಾರು ಸ್ಪಷ್ಟ. ಇದಕ್ಕಿಂತಲೂ ಒಳ್ಳೆಯದೆಂದರೆ ತಿರುವಿನ ಒಳಮಗ್ಗುಲು. ಅದು ವೃತ್ತದ ಒಂದು ತುಂಡು. ಅದರ ನಡುಬಿಂದುವಿನ ಆಸುಪಾಸಿನಲ್ಲಿ ನಿಂತರೆ ಕಾರು ಸುತ್ತುವಷ್ಟು ಹೊತ್ತೂ ಒಂದೇ ದೂರದಲ್ಲಿರುತ್ತದೆ, ಒಂದೇ ಮಗ್ಗುಲನ್ನು ತೋರಿಸುತ್ತದೆ. ಅಲ್ಲಿಗೆ ಪ್ರೇಕ್ಷಕರನ್ನು ಬಿಡುವ ಟ್ರ್ಯಾಕ್ ಸಿಕ್ಕಿದರೆ ಮೊದಲು ಹೋಗಿ ನಿಂತುಬಿಡಿ.

ಆದರೆ ಉದ್ದಕ್ಕೂ ಒಂದು ಮಿತಿಯಿದೆ, ಅದನ್ನು ಹಾಕುವುದು ಟಾರು. ಹನ್ನೊಂದು ಗಂಟೆ ದಾಟಿದ ಮೇಲೆ ನೇರ ದಾರಿಯ ಆ ತುದಿಯಿಂದ ಬರುವ ಕಾರುಗಳು ಬಿಸಿಲ್ಗುದುರೆಯ ಮೇಲೆ ತೇಲುತ್ತಾ ಬರುತ್ತವೆ. ಅದನ್ನು 600 ಎಂಎಂನಲ್ಲಿ ಹಿಡಿದರೆ ನಡುಗುವ ಗಾಳಿಯೇ ದೊಡ್ಡದಾಗಿ ಬರುತ್ತದೆ. ಎಂಥ ಗಾಜೂ ಅದನ್ನು ಸರಿಮಾಡಲಾರದು. ಬೆಳಗಿನ ಅಭ್ಯಾಸ ಸುತ್ತಿಗೇ ಬನ್ನಿ ಎಂದರೆ ಚೆನ್ನೈಗೆ ರಾತ್ರಿಯೇ ಹೊರಡಬೇಕಲ್ಲ ಎಂದು ಗೆಳೆಯರು ಗೊಣಗುತ್ತಾರೆ.

ಎಫ್/2.8ಕ್ಕೆ ಕೊಟ್ಟ ಹಣ ನಿಜವಾಗಿ ವಸೂಲಾಗುವ ಒಂದು ಜಾಗ ನಮ್ಮ ಪಕ್ಕದಲ್ಲೇ ಹುಟ್ಟಿಕೊಂಡಿದೆ. 2024ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತಲಿನ ಊರ ರಸ್ತೆಗಳಲ್ಲೇ ರಾತ್ರಿ ದೀಪದ ಕೆಳಗೆ ಫಾರ್ಮುಲಾ 4 ಓಡಿತು. 2023ರ ಡಿಸೆಂಬರಿನಲ್ಲಿ ಆಗಬೇಕಾಗಿದ್ದದ್ದು ಮಿಚಾಂಗ್ ಚಂಡಮಾರುತದಿಂದ ಮುಂದಕ್ಕೆ ಹೋಗಿತ್ತು. ಊರ ರಸ್ತೆಯಲ್ಲಿ ಕಾರಿಗೂ ಜನರಿಗೂ ನಡುವೆ ಜಾಗ ಕಡಿಮೆ, ಹಾಗಾಗಿ 70-200 ಸಾಕು. ಬೆಳಕು ಕಡಿಮೆ, ಹಾಗಾಗಿ ಎಫ್/2.8 ಬೇಕು. ಹಗಲಿನ ಲೆಕ್ಕವೆಲ್ಲ ತಲೆಕೆಳಗು. ದೀಪಗಳು ಮಿನುಗುವ ಜಾತಿಯವಾದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಂದು ಬರಬಹುದು, ಕ್ಯಾಮೆರಾದಲ್ಲಿ ಅದನ್ನು ತಡೆಯುವ ಆಯ್ಕೆಯನ್ನು ಹಾಕಿಕೊಂಡಿರಬೇಕು. ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಯಲ್ಲಂತೂ ಇನ್ನೊಂದು ಲೋಕ. ಮರದ ನೆರಳು, ಕೆಂಪು ಧೂಳು, ದರೆಯ ಮೇಲೆ ನಿಂತರೆ ಕಾರು ಕಾಲಕೆಳಗೇ ಹಾಯುತ್ತದೆ. ಅಲ್ಲಿಗೆ 24-70 ಹಾಕಿಕೊಂಡು ಹೋದವರು ಮಧ್ಯದಲ್ಲಿ ಲೆನ್ಸ್ ಬಿಚ್ಚದಿದ್ದರೆ ಸಾಕು.

ಇಷ್ಟೆಲ್ಲ ಕೇಳಿದ ಮೇಲೂ "ಹಾಗಾದ್ರೆ ಯಾವುದು ಅಂತ ಒಂದೇ ಮಾತಲ್ಲಿ ಹೇಳಿ ಸಾರ್" ಎನ್ನುವವರಿಗೆ: ಹಗಲು ರೇಸಿಗೆ, ಕಟ್ಟೆಯ ಮೇಲೆ ಕೂರುವವರಿಗೆ, ಹಳೆಯದೋ ಹೊಸದೋ ಒಂದು 100-400, ಜೊತೆಗೆ ಒಂದು ಎನ್‌ಡಿ ಫಿಲ್ಟರ್. ಬೈಕ್ ರೇಸಿನವರು 600ರ ತನಕ ಹೋಗಬಹುದು. ಅದಕ್ಕೂ ಮೊದಲು ಬೇಕಾದ ಲೆನ್ಸನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ, ಬೆಂಗಳೂರಿನಲ್ಲಿ ಎಲ್ಲ ಅಳತೆಯದೂ ಸಿಗುತ್ತವೆ.

ಬಾಡಿಗೆಗೂ ಮೊದಲು ಕ್ಯಾಮೆರಾ ಜೊತೆ ಬಂದ 18-55 ಹಾಕಿಕೊಂಡು ಮನೆಯ ಮುಂದಿನ ರಸ್ತೆಗೆ ಹೋಗಿ. ಹತ್ತು ಮೀಟರ್ ದೂರದಲ್ಲಿ ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುವ ಆಟೋವನ್ನು ಹಿಂಬಾಲಿಸಲು ಕ್ಯಾಮೆರಾ ಎಷ್ಟು ಬೇಗ ತಿರುಗಬೇಕೋ, 30 ಮೀಟರ್ ದೂರದಲ್ಲಿ 90 ಕಿಲೋಮೀಟರಿನಲ್ಲಿ ಹೋಗುವ ರೇಸ್ ಕಾರಿಗೂ ಅಷ್ಟೇ ಬೇಗ ತಿರುಗಬೇಕು, ಎರಡೂ ಸೆಕೆಂಡಿಗೆ ಸುಮಾರು 48 ಡಿಗ್ರಿ. ಷಟರನ್ನು 1/60ಕ್ಕೆ ಇಟ್ಟು, ಆಟೋ ಎದುರಿಗೆ ಬರುವ ಮೊದಲೇ ತಿರುಗಲು ಶುರು ಮಾಡಿ, ಒತ್ತಿದ ಮೇಲೂ ತಿರುಗುತ್ತಲೇ ಇರಿ. ಒಂದೇ ತೊಂದರೆ, ಕೈ ಅಡ್ಡ ಹಾಕಿ ಕರೆದಾಗ ನಿಲ್ಲದೆ ಹೋಗುವ ಆಟೋಗಳು ಕ್ಯಾಮೆರಾ ಕಂಡರೆ ಮಾತ್ರ ನಿಧಾನ ಮಾಡಿ, "ಎಲ್ಲಿಗೆ ಸಾರ್?" ಎಂದು ಕೇಳುತ್ತವೆ.